ನಾಲ್ಕನೇ ಸೀಟಿನ ನಗೆ

ವಾರ್ಷಿಕೋತ್ಸವ ಬಂತೆಂದರೆ ನಮ್ಮ ಕನ್ನಡ ಬಳಗಕ್ಕೆ ಒಂದು ಪ್ರಹಸನ ಬೇಕೇ ಬೇಕು. ಹತ್ತು ನಿಮಿಷದ್ದು, ಮೂರು ಪಾತ್ರ, ಒಂದು ಮೇಜು, ಎರಡು ಕುರ್ಚಿ. "ಯಾರಾದ್ರೂ ಬರೀರಪ್ಪಾ" ಅಂತ ಕೂಗೆದ್ದ ಕೂಡಲೇ ಹೊಸಬರು ಕೈಲಾಸಂ ಅವರ ನಾಟಕವೊಂದನ್ನು ಹುಡುಕಿ ಅದೇ ಅಚ್ಚಿನಲ್ಲಿ ಇನ್ನೊಂದು ಎರಕ ಹೊಯ್ಯುತ್ತಾರೆ. ಸಾಲದ್ದಕ್ಕೆ ಒಬ್ಬ ತೊದಲುವ ಆಳು, ಕನ್ನಡವನ್ನು ತಪ್ಪು ತಪ್ಪಾಗಿ ಆಡುವ ಒಬ್ಬ ಹೊಟೇಲ್ ಮಾಣಿ. ಸಭೆ ನಗುತ್ತದೆ, ನಿಜ. ಯಾರ ಖರ್ಚಿನಲ್ಲಿ?

ನನ್ನ ತಕರಾರು ಕೈಲಾಸಂ ಮೇಲಲ್ಲ. 1918ರ ಸುಮಾರಿಗೆ ಅವರು 'ಟೊಳ್ಳುಗಟ್ಟಿ' ಬರೆದಾಗ ಬೆಂಗಳೂರು-ಮೈಸೂರಿನ ಮನೆಗಳ ಇಂಗ್ಲಿಷ್ ಬೆರೆತ ಮಾತು ರಂಗದ ಮೇಲೆ ಬಂತು. ನೋಡುವವರು ತಾವು ಮನೆಯಲ್ಲಾಡುವ ಮಾತನ್ನೇ ಕೇಳಿ ನಕ್ಕರು. ಮಾರ್ಕು ತೆಗೆಯುವ ಹುಡುಗ ಟೊಳ್ಳು, ಫೇಲಾಗುವ ಹುಡುಗ ಗಟ್ಟಿ ಅಂದಾಗ ಅಪ್ಪಂದಿರಿಗೂ ಚುರುಕ್ ಅಂದಿರಬೇಕು. ನಾವು ಕದಿಯಬೇಕಾದದ್ದು ಅವರ ಕಿವಿಯನ್ನು. ಕದಿಯುತ್ತಿರುವುದು ಅವರ ಪಾತ್ರಗಳ ಮಾತನ್ನು! ಮಾಟುಂಗದಲ್ಲಿ ಕೂತು ಹಳೇ ಮೈಸೂರಿನ ಮಾತು ಬರೆದರೆ ಅದಕ್ಕೆ ವೇಷವಿರುತ್ತದೆ, ಉಸಿರಿರುವುದಿಲ್ಲ.

ಮಾಣಿಯ ವಿಷಯಕ್ಕೆ ಬರುತ್ತೇನೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಚರಿತ್ರೆ ನಮಗೆಲ್ಲ ಗೊತ್ತಿರಬೇಕು. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಪಾಠ ಕಲಿತರು. ಎಷ್ಟೋ ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡ ಅವರು ದುಡಿದು ಸಂಪಾದಿಸಿದ್ದು. ನನ್ನ ಅಪ್ಪನೂ ಹಾಗೇ ಕಲಿತವರು. ಹೋದ ವರ್ಷ ಒಂದು ಪ್ರಹಸನ ನೋಡಲು ಬಂದಿದ್ದರು. ಮಾಣಿಯ ಕನ್ನಡಕ್ಕೆ ಎಲ್ಲರೂ ನಕ್ಕಾಗ ಅವರೂ ನಕ್ಕರು. ಆದರೆ ವಾಪಸು ಬರುವಾಗ ಗಾಡಿಯಲ್ಲಿ ಮನೆ ಮುಟ್ಟುವ ತನಕ ಬರೀ ತುಳುವಿನಲ್ಲೇ ಮಾತಾಡಿದರು.

ಹಾಗಂತ ಮಾಣಿಯನ್ನು ರಂಗಕ್ಕೆ ತರಲೇಬಾರದು ಅನ್ನುವ ಮಡಿವಂತಿಕೆ ನನಗಿಲ್ಲ. ತನ್ನಿ. ಅವನಿಗೊಂದು ಆಸೆ ಕೊಡಿ, ಅದಕ್ಕೊಂದು ಅಡ್ಡಿ ಕೊಡಿ, ಅವನಿಗೂ ಬುದ್ಧಿ ಇರಲಿ. ಪ್ರಹಸನದ ಗುಟ್ಟು ಇರುವುದೇ ಅಲ್ಲಿ, ಜೋಕು ಪೋಣಿಸುವುದರಲ್ಲಲ್ಲ. ಚೆಕಾಫ್ 1888ರಲ್ಲಿ ಬರೆದ 'ಕರಡಿ'ಯಲ್ಲಿ ಒಬ್ಬ ಸಾಲ ವಸೂಲಿಗೆ ಬರುತ್ತಾನೆ, ವಿಧವೆ ಕೊಡಲೊಲ್ಲಳು. ಇಷ್ಟೇ ಬಂಡವಾಳ. ಜಗಳ ಏರುತ್ತಾ ಏರುತ್ತಾ ಪಿಸ್ತೂಲಿನವರೆಗೆ ಹೋಗಿ, ಕೊನೆಗೆ ಮದುವೆಯ ಮಾತಿಗೆ ಬಂದು ನಿಲ್ಲುತ್ತದೆ.

ನಮ್ಮ ಬಂಡವಾಳ ಲೋಕಲ್ ಗಾಡಿಯಲ್ಲೇ ಬಿದ್ದಿದೆ, ನೋಡಿ. ಮೂವರ ಬೆಂಚಿನ ಅಂಚಿನಲ್ಲಿ ಅರ್ಧ ಕೂರುವ ನಾಲ್ಕನೆಯವನು. ದಾದರಿನಲ್ಲಿ "ಜರಾ ಸರಕೋ" ಅನ್ನುತ್ತಾನೆ, ನಾಲ್ಕು ಬೆರಳು ಜಾಗ. ಕುರ್ಲಾದಲ್ಲಿ ಪಕ್ಕದವನ ಮಗಳ ಮದುವೆಯ ಕತೆ ಕೇಳಿ ಇನ್ನೆರಡು ಬೆರಳು. ಘಾಟ್‌ಕೋಪರಿನಲ್ಲಿ ಆ ಮದುವೆಗೆ ಅಡುಗೆಯವರನ್ನು ಗೊತ್ತು ಮಾಡಿಕೊಡುವುದಾಗಿ ಮಾತು ಕೊಡುತ್ತಾನೆ. ಠಾಣೆ ಬಂದಾಗ ಪೂರ್ತಿ ಸೀಟು ಸಿಗುತ್ತದೆ. ಇಳಿಯಬೇಕಾದದ್ದೂ ಠಾಣೆಯಲ್ಲೇ. ಇದಕ್ಕೆ ಪರದೆ ಬೇಡ, ದೀಪ ಬೇಡ. ಬೇಕಾದದ್ದು ಒಂದು ಬೆಂಚು ಮತ್ತು "ಎಂತ ಮಾರಾಯ್ರೆ, ಗಾಡಿ ಲೇಟ್ ಉಂಟಾ?" ಅನ್ನುವ ನಮ್ಮ ಮಾತು, ಅದರ ಮರಾಠಿ ಹಿಂದಿ ಎಲ್ಲ ಸೇರಿದಂತೆ. ಪು.ಲ. ದೇಶಪಾಂಡೆಯವರು 1958ರ 'ಬಟಾಟ್ಯಾಚೀ ಚಾಳ'ದಲ್ಲಿ ಒಂದು ಚಾಳಿನ ಜನರನ್ನೇ ಹಿಡಿದು ಮರಾಠಿಗರನ್ನು ನಗಿಸಿದರು. ನಮ್ಮ ಚಾಳುಗಳಲ್ಲಿ ಮನುಷ್ಯರಿಲ್ಲವೇ?

ಬರೆದ ಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತೊಡರುವ ಸಾಲನ್ನು ಹೊಡೆದುಹಾಕಿ, ಎಷ್ಟೇ ಮುದ್ದಿನದಾದರೂ ಸರಿ. ಈ ಸಲ ಆಯ್ಕೆಗೆ ಮುಂಚೆ ಎಲ್ಲ ಪ್ರಹಸನಗಳನ್ನೂ ನಮ್ಮ ಕ್ಯಾಂಟೀನಿನ ಹುಡುಗರ ಮುಂದೆ ಓದಿಸಬೇಕೆಂದು ನನ್ನ ಸೂಚನೆ. ಸಂಜೆ ಐದರ ಮೇಲೆ ಅವರಿಗೆ ಬಿಡುವಿರುತ್ತದೆ.