ಸವೆದ ಹಲ್ಲಿನ ಸಾಕ್ಷ್ಯ

ಮಕ್ಕಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವುದು ಮನುಷ್ಯರಲ್ಲಿ ಒಮ್ಮೆ ಮಾತ್ರ. ಡೈನೋಸಾರುಗಳಿಗಾದರೋ ಜೀವಮಾನವಿಡೀ ಹಲ್ಲು ಬೀಳುತ್ತ, ಹೊಸದು ಮೂಡುತ್ತ ಇದ್ದವು. ದೇಹದಲ್ಲೆಲ್ಲ ಅತಿ ಗಟ್ಟಿಯಾದುದು ಹಲ್ಲಿನ ಎನಾಮೆಲ್ ಪದರ. ಆದುದರಿಂದ ಮೂಳೆ ಮಣ್ಣುಗೂಡಿದ ಕಡೆಯಲ್ಲೂ ಹಲ್ಲು ಕಲ್ಲಾಗಿ ಉಳಿದಿರುತ್ತದೆ.

ಅದನ್ನು ಗುರುತಿಸುವ ಬಗೆ ಹೇಗೆ? ಮಾಂಸಾಹಾರಿಯ ಹಲ್ಲು ಸಾಮಾನ್ಯವಾಗಿ ಚೂರಿಯಂತೆ ಬಾಗಿ, ಅಂಚಿನಲ್ಲಿ ಗರಗಸದಂತಹ ಕಚ್ಚುಗಳನ್ನು ಹೊಂದಿರುತ್ತದೆ. ಬಾತುಕೋಳಿಯ ಕೊಕ್ಕಿನಂತಹ ಮೂತಿಯ ಸಸ್ಯಾಹಾರಿ ಡೈನೋಸಾರುಗಳ ಹಲ್ಲು ಎಲೆಯಾಕಾರದ್ದು. ಮಧ್ಯದಲ್ಲಿ ಒಂದು ಉದ್ದನೆಯ ಏಣು, ಸೊಪ್ಪು ಅರೆದು ಸವೆದ ಚಪ್ಪಟೆ ಮುಖ. ಆದರೆ ಹಲ್ಲು ಚಿಕ್ಕದೆಂದ ಮಾತ್ರಕ್ಕೆ ಅದು ಮರಿಯದೆನ್ನಲಾಗದು. ಚಿಕ್ಕ ಜಾತಿಯ ಬೆಳೆದ ಪ್ರಾಣಿಯದೂ ಆಗಿರಬಹುದು. ದವಡೆಯ ಗಾತ್ರ, ಅದರಲ್ಲಿರುವ ಹಲ್ಲುಸಾಲುಗಳ ಸಂಖ್ಯೆ, ಮೂಳೆಯ ಬೆಳವಣಿಗೆ ಇವೆಲ್ಲವನ್ನೂ ಕೂಡಿಸಿ ನೋಡಬೇಕು.

1978ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮೇರಿಯನ್ ಬ್ರಾಂಡ್ವೋಲ್ಡ್ ಎಂಬ ಮಹಿಳೆ ತಮಗೆ ದೊರೆತ ಪುಟ್ಟ ಮೂಳೆಗಳನ್ನು ಜ್ಯಾಕ್ ಹಾರ್ನರ್ ಮತ್ತು ಬಾಬ್ ಮಕೇಲಾ ಅವರಿಗೆ ತೋರಿಸಿದರು. ಅವು ಸಸ್ಯಾಹಾರಿ ಡೈನೋಸಾರಿನ ಮರಿಗಳವು. ಅಗೆದಾಗ ಒಂದು ಗೂಡಿನಲ್ಲಿಯೂ ಅದರ ಬಳಿಯಲ್ಲಿಯೂ 15 ಮರಿಗಳು ಕಂಡವು. ಒಂದೊಂದೂ ಸುಮಾರು 1 ಮೀಟರ್ ಉದ್ದ. ಅವುಗಳ ಹಲ್ಲು ಸವೆದಿದ್ದವು. ಮರಿಗಳು ಗೂಡು ಬಿಡದೆಯೇ ತಿಂದಿವೆ, ಎಂದರೆ ತಾಯಿತಂದೆ ಮೇವು ತಂದು ಉಣಿಸಿವೆ ಎಂದು ಅವರು ತರ್ಕಿಸಿದರು. 1979ರಲ್ಲಿ ಆ ಪ್ರಾಣಿಗೆ ‘ಒಳ್ಳೆಯ ತಾಯಿ’ ಎಂಬ ಅರ್ಥ ಬರುವಂತೆ ಮಯಸಾರಾ ಎಂದು ಹೆಸರಿಟ್ಟರು. ಡೈನೋಸಾರೆಂದರೆ ಮೊಟ್ಟೆಯಿಟ್ಟು ಮರೆಯುವ ಜೀವಿಯೆಂಬ ಹಳೆಯ ಭಾವನೆ ಆಗ ಅಲುಗಿತು.

ಆದರೆ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. 1987ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ಡೆವಿಲ್ಸ್ ಕೂಲೀ ಎಂಬಲ್ಲಿ ಅದೇ ಪಂಗಡದ ಹೈಪಾಕ್ರೋಸಾರಸ್ ಎಂಬ ಪ್ರಾಣಿಯ ಮೊಟ್ಟೆಗಳೂ ಭ್ರೂಣಗಳೂ ದೊರೆತವು. ಇನ್ನೂ ಹುಟ್ಟದ ಆ ಮರಿಗಳ ಹಲ್ಲುಗಳಲ್ಲಿಯೂ ಸವೆತ ಕಂಡುಬಂದಿತು! ಮೊಟ್ಟೆಯೊಳಗೆ ಮೇವೆಲ್ಲಿಯದು? ದವಡೆಯಾಡಿಸಿ ಹಲ್ಲಿಗೆ ಹಲ್ಲು ಉಜ್ಜಿದುದರಿಂದಲೇ ಅವು ಸವೆದಿರಬೇಕು. ಹೀಗಾಗಿ ಸವೆತವೊಂದನ್ನೇ ನೆಚ್ಚಿ ‘ತಾಯಿ ಉಣಿಸಿದಳು’ ಎನ್ನುವಂತಿಲ್ಲ.

ಹಾಗೆಂದು ತಾಯ್ತನದ ಮಾತು ಬಿದ್ದುಹೋಗಲಿಲ್ಲ. ಮೊಟ್ಟೆಯೊಡೆದು ಬಂದ ಗಾತ್ರಕ್ಕಿಂತ ಬಹಳಷ್ಟು ಬೆಳೆದ ಮೇಲೂ ಮರಿಗಳು ಗೂಡಿನಲ್ಲಿ ಒಟ್ಟಿಗೇ ಇದ್ದವೆಂಬುದು ಬೇರೊಂದು ಸಾಕ್ಷ್ಯ. ಹಲ್ಲಿನ ಸಾಕ್ಷ್ಯ ಕುಂದಿದರೂ ಗೂಡಿನ ಸಾಕ್ಷ್ಯ ಉಳಿದಿದೆ.

ಹಲ್ಲು ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳಿದ್ದಕ್ಕಿಂತ ಹೆಚ್ಚನ್ನು ನಾವು ಕೇಳಿಸಿಕೊಳ್ಳಬಾರದು. ಮನಸ್ಸಿಗೆ ಹಿತವಾದ ನಿರ್ಣಯವನ್ನೇ ಮತ್ತೆ ಮತ್ತೆ ಒರೆಗೆ ಹಚ್ಚುವುದು ವಿಜ್ಞಾನದ ಶಿಸ್ತು. ಮನೆಯ ಮಕ್ಕಳು ಪ್ರಶ್ನೆ ಕೇಳಿದಾಗ ಹಿರಿಯರು ಹೇಳಿಕೊಡಬೇಕಾದುದೂ ಇದನ್ನೇ.