ವೇಗ ಕಂಡರೆ ಸಾಮರ್ಥ್ಯ ಕಂಡಂತಲ್ಲ

ಜಾಲದ ವೇಗ ಅಳೆಯುವ ತಂತ್ರಾಂಶವಾದ ಐಪರ್ಫ್‌ನಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ಬಂದರೆ ರೌಟರ್ ಪರೀಕ್ಷೆ ಮುಗಿಯಿತು ಎಂಬ ವಾದವನ್ನು ಒಪ್ಪಲಾಗದು. ರೌಟರನ್ನು ದಣಿಸುವುದು ಬಿಟ್‌ಗಳಿಗಿಂತ ಹೆಚ್ಚಾಗಿ ಪ್ಯಾಕೆಟ್‌ಗಳ ಎಣಿಕೆ. ಅದೇ 10 ಗಿಗಾಬಿಟ್ ಈಥರ್ನೆಟ್‌ನಲ್ಲಿ 1518 ಬೈಟ್‌ಗಳ ಫ್ರೇಮುಗಳು ಸೆಕೆಂಡಿಗೆ ಸುಮಾರು 8.1 ಲಕ್ಷ ಹಿಡಿಸುತ್ತವೆ. 64 ಬೈಟ್‌ಗಳವಾದರೆ 1.48 ಕೋಟಿಗೂ ಹೆಚ್ಚು, ಅಂದರೆ ಒಂದೊಂದಕ್ಕೂ ಸಿಗುವ ಸಮಯ ಬರೀ 67 ನ್ಯಾನೊಸೆಕೆಂಡು. ಐಪರ್ಫ್‌ನ ವಾಡಿಕೆಯ ಟಿಸಿಪಿ ಪರೀಕ್ಷೆಯಂತೆ ದೊಡ್ಡ ಪ್ಯಾಕೆಟ್‌ಗಳನ್ನಷ್ಟೇ ಹರಿಸುವ ಪರೀಕ್ಷೆ ಈ ಹೊರೆಯ ಹತ್ತಿರವೂ ಸುಳಿಯುವುದಿಲ್ಲ. ಸಾಲದ್ದಕ್ಕೆ, ಪ್ಯಾಕೆಟ್ ಕಳೆದುಹೋದ ಕೂಡಲೇ ಟಿಸಿಪಿ ತಾನೇ ನಿಧಾನಿಸಿ ಉಪಕರಣದ ದೌರ್ಬಲ್ಯವನ್ನು ಮರೆಮಾಚುತ್ತದೆ. ನಿಗದಿತ ದರದಲ್ಲಿ ಕಳುಹಿಸುತ್ತಲೇ ಇರುವ ಪ್ಯಾಕೆಟ್ ಜನರೇಟರ್ ಆ ರಿಯಾಯಿತಿ ಕೊಡುವುದಿಲ್ಲ.

ನಿಜವಾದ ಜಾಲದಲ್ಲಿ ಎಲ್ಲ ಪ್ಯಾಕೆಟ್‌ಗಳೂ ಪುಟ್ಟವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಸಂಪರ್ಕ ಕೋರಿಕೆಗಳನ್ನು ಸುರಿಸುವ ಸಿನ್ ಫ್ಲಡ್ ದಾಳಿಯಲ್ಲಿ ಸಾಮಾನ್ಯವಾಗಿ ನುಗ್ಗುವುದು ಪುಟ್ಟವೇ. ಅದಕ್ಕೇ ಎಲ್ಲ ಗಾತ್ರಗಳಲ್ಲೂ ಪರೀಕ್ಷಿಸಬೇಕು: ಜಾಲ ಉಪಕರಣಗಳ ಪರೀಕ್ಷಾ ವಿಧಾನವನ್ನು ವಿವರಿಸುವ 1999ರ ಆರ್‌ಎಫ್‌ಸಿ 2544 ಈಥರ್ನೆಟ್‌ಗೆ 64ರಿಂದ 1518 ಬೈಟ್‌ವರೆಗೆ ಏಳು ಫ್ರೇಮ್ ಅಳತೆಗಳನ್ನು ಸೂಚಿಸಿದೆ. ಖರೀದಿಸುವವರು ಮಾರಾಟಗಾರರಿಂದ ಕೇಳಬೇಕಾದ್ದು ಆ ಏಳೂ ಫಲಿತಾಂಶಗಳನ್ನು.