ನಪಾಸಾದವನು ಹುಡುಗನೋ, ಶಾಲೆಯೋ?

ನಮ್ಮ ಊರುಗಳಲ್ಲಿ ಒಂದು ಮಾತು ಬಲು ಅಗ್ಗವಾಗಿ ಬಿಕರಿಯಾಗುತ್ತಿದೆ: "ಅವನು ದಡ್ಡ, ತಲೆಗೆ ಹತ್ತುವುದಿಲ್ಲ." ಈ ಮಾತನ್ನು ಯಾರ ಮಕ್ಕಳ ಮೇಲೆ ಹೊರಿಸುತ್ತಾರೆ ಎಂಬುದನ್ನು ಒಂದು ಗಳಿಗೆ ಯೋಚಿಸಿ ನೋಡಿ. ಸಾಹುಕಾರರ ಮಗ ಹಿಂದೆ ಬಿದ್ದರೆ ಅವನಿಗೆ ಟ್ಯೂಷನ್ ಸಾಲದು. ಎರಡು ಪಾಳಿ ದುಡಿಯುವ ಮಿಲ್ಲಿನ ಆಳಿನ ಮಗ ಹಿಂದೆ ಬಿದ್ದರೆ ಅವನಿಗೆ ಬುದ್ಧಿ ಸಾಲದು!

ಸಂತೆಯಲ್ಲಿ ಅಪ್ಪನ ತಕ್ಕಡಿಯ ಪಕ್ಕ ಕುಳಿತ ಹುಡುಗನನ್ನು ನೋಡಿ. ಒಂದೂಕಾಲು ಕಿಲೋ ಬೆಲ್ಲಕ್ಕೆ ಎಷ್ಟಾಯಿತು, ಐನೂರರ ನೋಟಿಗೆ ಚಿಲ್ಲರೆ ಎಷ್ಟು ಎಂಬುದನ್ನು ಗಿರಾಕಿ ಕೇಳಿ ಮುಗಿಸುವುದರೊಳಗೆ ಹೇಳುತ್ತಾನೆ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ನಾಲ್ಕು ಸಾಲಿನ ವಾಕ್ಯ ಮಾಡಿ ಕೊಟ್ಟರೆ ಸೊನ್ನೆ. ಲೆಕ್ಕ ಬಾರದೆಂದಲ್ಲ, ಓದು ಬಾರದು. ಒಂದೊಂದೇ ಅಕ್ಷರ ಕೂಡಿಸಿ, ಒತ್ತಕ್ಷರದಲ್ಲಿ ಎಡವಿ, ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅದರ ಮೊದಲು ಮರೆತುಹೋಗಿರುತ್ತದೆ. ಮೊದಲೆರಡು ವರ್ಷಗಳಲ್ಲಿ ಓದು ಕೂಡಿಬಾರದ ಮಗುವಿಗೆ ನಾಲ್ಕನೆಯ ತರಗತಿಯಿಂದಾಚೆ ಲೆಕ್ಕ, ವಿಜ್ಞಾನ, ಚರಿತ್ರೆ ಎಲ್ಲವೂ ಬಾಗಿಲು ಹಾಕಿಕೊಳ್ಳುತ್ತವೆ. ಬಾಯಿ ಬಿಟ್ಟರೆ ನಗುತ್ತಾರೆಂದು ಅದು ಕಡೆಯ ಸಾಲಿಗೆ ಹೋಗಿ ಸುಮ್ಮನೆ ಕೂಡುತ್ತದೆ. ಇದಕ್ಕೆ ದಡ್ಡತನ ಎಂದು ಹೆಸರಿಟ್ಟಿದ್ದಾರೆ. ಮಿಲ್ಲಿನಲ್ಲಿ ಒಂದರ ಮೇಲೊಂದು ತಾನು ಹರಿದು ಬಂದರೆ ಯಾರೂ ನೂಲನ್ನು ಬಯ್ಯುತ್ತಾ ನಿಲ್ಲುವುದಿಲ್ಲ. ಮಗ್ಗವನ್ನು ನಿಲ್ಲಿಸಿ ನೋಡುತ್ತಾರೆ. ಶಾಲೆಯೆಂಬ ಮಗ್ಗವನ್ನು ಮಾತ್ರ ಯಾರೂ ನಿಲ್ಲಿಸಿ ನೋಡರು.

ನೋಡುವುದಿರಲಿ, ನೂಲನ್ನು ಬಯ್ಯುವುದಕ್ಕೆ ಈಗ ಕಾನೂನೇ ಆಗಿದೆ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳಿತ್ತು. 2019ರಲ್ಲಿ ಅದನ್ನು ತಿದ್ದಿ, 5 ಮತ್ತು 8ನೆಯ ತರಗತಿಗಳಲ್ಲಿ ನಪಾಸು ಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟರು. 2024ರ ಡಿಸೆಂಬರಿನಲ್ಲಿ ಕೇಂದ್ರ ತನ್ನ ಅಧೀನದ ಶಾಲೆಗಳಿಗೆ ಆ ಬಗ್ಗೆ ನಿಯಮವನ್ನೂ ಹೊರಡಿಸಿತು. "ಎಲ್ಲರನ್ನೂ ಮುಂದಕ್ಕೆ ತಳ್ಳಿದ್ದರಿಂದಲೇ ಓದು ಕೆಟ್ಟಿತು" ಎಂಬುದು ಈ ಮಹನೀಯರ ವಾದ. ಓದಲು ಬಾರದ ಮಗುವನ್ನು ಮುಂದಕ್ಕೆ ತಳ್ಳುವುದು ಉಪಕಾರವಲ್ಲ, ನಾವೂ ಒಪ್ಪುತ್ತೇವೆ. ಆದರೆ ಮೊದಲ ವರ್ಷ ಕಲಿಸದ ಕೋಣೆಯಲ್ಲೇ ಮತ್ತೊಂದು ವರ್ಷ ಕೂರಿಸಿದರೆ ಕಲಿತುಬಿಡುತ್ತದೆಯೇ?

ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ನಪಾಸಾದ ಮಗುವಿಗೆ ಹೆಚ್ಚಿನ ಪಾಠ ಹೇಳಿ, ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶ ಕೊಡಬೇಕಂತೆ. ಒಳ್ಳೆಯದು. ಆ ಪಾಠ ಹೇಳುವವರು ಯಾರು? ಖಾಯಂ ಹುದ್ದೆ ತುಂಬದೆ, ವರ್ಷದ ಮಟ್ಟಿಗೆ ಕರೆದು ವರ್ಷ ಮುಗಿದೊಡನೆ ಮನೆಗೆ ಕಳಿಸುವ 'ಅತಿಥಿ' ಶಿಕ್ಷಕರೇ? ಅತಿಥಿಗೆ ಊಟ ಹಾಕುವುದು ನಮ್ಮ ಸಂಪ್ರದಾಯ. ಇಲ್ಲಿ ಅತಿಥಿಯೇ ಸಂಬಳಕ್ಕೆ ಬಾಯಿ ಬಿಡುತ್ತಾನೆ. ಇನ್ನು ಖಾಯಂ ಮೇಷ್ಟ್ರು? 2025ರ ದಸರೆಯಲ್ಲಿ ಅವರನ್ನು ರಾಜ್ಯದ ಸಮೀಕ್ಷೆಗೆ ಮನೆಮನೆ ತಿರುಗಿಸಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಆ ಸಮೀಕ್ಷೆ ಬೇಡವೆನ್ನುವವರು ನಾವಲ್ಲ. ಹಿಂದುಳಿದವರ ಲೆಕ್ಕ ಆಗಲೇಬೇಕು. ಆದರೆ ಹಿಂದುಳಿದವರನ್ನು ಎಣಿಸಲು ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸುವುದು ಯಾವ ಸೀಮೆಯ ನ್ಯಾಯ?

ಮೇಷ್ಟ್ರು ಪಕ್ಕದಲ್ಲಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ದೂರದ ಇಟಲಿಯ ಒಂದು ನಿದರ್ಶನ ಕೊಡುತ್ತೇವೆ. ಲೊರೆಂಜೊ ಮಿಲಾನಿ ಎಂಬ ಪಾದ್ರಿ. (ಪಾದ್ರಿ ಎಂದೊಡನೆ ನಮ್ಮ ಕೆಲವು ಗೆಳೆಯರು ಹುಬ್ಬು ಗಂಟಿಕ್ಕುತ್ತಾರೆ, ತುಸು ತಾಳಬೇಕು.) ಸಿರಿವಂತರ ಮನೆಯ ಈತ ಜವಳಿ ಗಿರಣಿಗಳ ಊರಾದ ಪ್ರಾತೊದ ಬಳಿ ದುಡಿಮೆಗಾರ ತರುಣರಿಗೆ ರಾತ್ರಿ ಶಾಲೆ ನಡೆಸಿದ. 1954ರ ಡಿಸೆಂಬರಿನಲ್ಲಿ ಅವನನ್ನು ಬಾರ್ಬಿಯಾನ ಎಂಬ ಗುಡ್ಡದ ಕೊಂಪೆಗೆ ವರ್ಗ ಮಾಡಿದರು. ಅಲ್ಲಿಯೂ ಶಾಲೆ ತೆರೆದ. ಬೇರೆ ಶಾಲೆಗಳು ನಪಾಸು ಮಾಡಿ ಅಟ್ಟಿದ ರೈತರ ಮಕ್ಕಳೇ ಅವನ ವಿದ್ಯಾರ್ಥಿಗಳು. ಅಲ್ಲಿ ನಪಾಸು ಎಂಬುದೇ ಇಲ್ಲ. ಹಿಂದೆ ಬಿದ್ದವನಿಗೆ ಅರ್ಥವಾಗುವವರೆಗೆ ಪಾಠ ಮುಂದೆ ಹೋಗದು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವರು. ದಿನವೂ ವೃತ್ತಪತ್ರಿಕೆಯನ್ನು ಕೂಡಿ ಓದುವರು. ಭಾಷೆ ಕೈಗೆ ಸಿಕ್ಕಿದರೆ ಬಡವನ ಮಗ ಯಾರೆದುರಿಗೂ ತಲೆ ಎತ್ತಿ ನಿಲ್ಲಬಲ್ಲನೆಂಬುದು ಮಿಲಾನಿಯ ನಂಬಿಕೆ.

1967ರಲ್ಲಿ ಆ ಶಾಲೆಯ ಎಂಟು ಹುಡುಗರು ಕೂಡಿ ಒಂದು ಪುಸ್ತಕ ಬರೆದರು. ತಮ್ಮನ್ನು ನಪಾಸು ಮಾಡಿದ ಉಪಾಧ್ಯಾಯಿನಿಗೆ ಬರೆದ ಪತ್ರ ಅದು. ಸರ್ಕಾರದ್ದೇ ಅಂಕಿ ಅಂಶ ತೆಗೆದು, ಶಾಲೆಯಿಂದ ಉದುರಿ ಹೋಗುತ್ತಿರುವವರು ಹೆಚ್ಚಾಗಿ ರೈತ ಕಾರ್ಮಿಕರ ಮಕ್ಕಳೇ ಎಂದು ಕೋಷ್ಟಕ ಹಾಕಿ ತೋರಿಸಿದರು. ಅದೇ ವರ್ಷದ ಜೂನಿನಲ್ಲಿ ಮಿಲಾನಿ 44ರ ವಯಸ್ಸಿನಲ್ಲಿ ತೀರಿಕೊಂಡ. ಪುಸ್ತಕ ಮಾತ್ರ ಹಲವು ಭಾಷೆಗಳಿಗೆ ಹೋಯಿತು. ದಡ್ಡರು ಬರೆದ ಪುಸ್ತಕ!

ನಮ್ಮಲ್ಲಿ ಅಂಥ ಮೇಷ್ಟ್ರು ಇಲ್ಲವೆಂದಲ್ಲ. ಸಂಜೆ ಗಂಟೆ ಹೊಡೆದ ಮೇಲೂ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಒತ್ತಕ್ಷರ ತಿದ್ದಿಸುವವರನ್ನು ನಾವು ಬಲ್ಲೆವು. ಅವರಿಗೆ ಸಿಗುವುದು ಮಧ್ಯಾಹ್ನದ ಊಟದ ಲೆಕ್ಕ, ಹತ್ತೆಂಟು ವರದಿ, ಮೇಲಧಿಕಾರಿಗಳ ಗದರಿಕೆ. ಅವರು ನಮ್ಮ ಶತ್ರುಗಳಲ್ಲ. ಕೂಲಿಗಾಗಿ ನಾವು ಮಿಲ್ಲಿನ ಗೇಟಿನಲ್ಲಿ ಕೂಗುವಾಗ, ಅವರ ಖಾಯಮಾತಿಗಾಗಿಯೂ ಒಂದು ಕೂಗು ಹಾಕಬೇಕು.

ನಿಮ್ಮ ಮಗುವಿನ ಸರ್ಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರಲ್ಲಿ ಪೋಷಕರೇ ಸದಸ್ಯರು. ಮುಂದಿನ ಸಭೆಗೆ ಪಾಳಿ ಬದಲಿಸಿಕೊಂಡಾದರೂ, ಅಂಗಡಿಯ ಅರ್ಧ ಬಾಗಿಲು ಎಳೆದಾದರೂ ಹೋಗಿ. ಎಷ್ಟು ಹುದ್ದೆ ಖಾಲಿ ಇವೆ, ಮೇಷ್ಟ್ರು ವರ್ಷದಲ್ಲಿ ಎಷ್ಟು ದಿನ ಬೇರೆ ಕೆಲಸಕ್ಕೆ ಹೋದರು, ಮೂರನೆಯ ತರಗತಿಯಲ್ಲಿ ಓದು ಬಾರದವರು ಎಷ್ಟು ಮಂದಿ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಅದರ ನಕಲನ್ನು ನಮ್ಮ ಕಚೇರಿಗೆ ಕಳಿಸಿಕೊಡಿ. ಶಾಲೆಯ ಹೆಸರು ಸಹಿತ ಅಚ್ಚು ಹಾಕುತ್ತೇವೆ.